ಸೆಮಿಸ್ಟರ್ ಮುಗಿಯಿತು, ಆದರೆ ಮಗುವಿಗೆ ಶ್ರುತಿ ಸೇರಿಸುವುದು ಹೇಗೆ?

ಹಂಸಧ್ವನಿ_ಹಾಸನ
ಎಲ್ಲರಿಗೂ ನಮಸ್ಕಾರ. ಊರು ಹಾಸನ, ಮೈಸೂರಿನಲ್ಲಿ ಕರ್ನಾಟಕ ಸಂಗೀತದಲ್ಲಿ ಎಂ.ಪಿ.ಎ. (ಪ್ರದರ್ಶನ ಕಲೆಗಳ ಸ್ನಾತಕೋತ್ತರ ಪದವಿ) ಓದುತ್ತಿದ್ದೇನೆ. ಈ ವಾರ ಮೂರನೇ ಸೆಮಿಸ್ಟರ್ ಪರೀಕ್ಷೆ ಮುಗಿಯಿತು. ಪ್ರಾಕ್ಟಿಕಲ್ ಚೆನ್ನಾಗಿಯೇ ಆಯಿತು. ತೋಡಿ ರಾಗದ ಆಲಾಪನೆ ಕೇಳಿದರು, ಹಾಡಿದೆ. ನೆರವಲ್ (ಒಂದೇ ಸಾಲನ್ನು ಬಗೆಬಗೆಯಾಗಿ ವಿಸ್ತರಿಸಿ ಹಾಡುವುದು) ಯಾವ ಸಾಲಿನಲ್ಲಿ ಎತ್ತಿಕೊಳ್ಳುತ್ತೀಯ ಅಂದರು, ತೋರಿಸಿದೆ. ಥಿಯರಿಯಲ್ಲಿ ವೆಂಕಟಮಖಿಯ 72 ಮೇಳಗಳ (ಮೂಲ ರಾಗಗಳ) ಬಗ್ಗೆ ಪುಟಗಟ್ಟಲೆ ಬರೆದೆ.

ಆದರೆ ಈ ಸೆಮಿಸ್ಟರ್ ಅಂದರೆ ನನಗೆ ನೆನಪಾಗುವುದು ಪರೀಕ್ಷೆ ಅಲ್ಲ. ಶನಿವಾರಗಳಂದು ಒಂದು ಶಾಲೆಗೆ ಹೋಗಿ ಮೂರು, ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದೆ. ಅಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಸರಳೆ (ಮೊದಲ ಸ್ವರಪಾಠ) ಇರಲಿ, ದೇವರನಾಮ ಇರಲಿ, ಎಲ್ಲವನ್ನೂ ಒಂದೇ ಸ್ವರದಲ್ಲಿ ಹೇಳುತ್ತಾಳೆ. ಎಲ್ಲರಿಗಿಂತ ಜೋರಾಗಿ, ಕಣ್ಣು ಮುಚ್ಚಿಕೊಂಡು, ಕುತ್ತಿಗೆ ಮೇಲೆತ್ತಿ. ಅಷ್ಟು ಖುಷಿ ಅವಳಿಗೆ. ಸ್ಕೂಲ್ ಡೇ ಹತ್ತಿರ ಬಂದಾಗ ಅವರ ಕ್ಲಾಸ್ ಟೀಚರ್ "ನೀನು ಬಾಯಿ ಆಡಿಸು ಸಾಕು, ಧ್ವನಿ ಬೇಡ" ಅಂದುಬಿಟ್ಟರು. ಮುಂದಿನ ಶನಿವಾರ ಅವಳು ಬಾಯಿಯನ್ನೂ ಆಡಿಸಲಿಲ್ಲ.

ಇಂಥ ಮಗುವಿಗೆ ಏನು ಮಾಡಬೇಕು ಅಂತ ನಮ್ಮ ಕೋರ್ಸಿನಲ್ಲಿ ಯಾರೂ ಹೇಳಿಕೊಟ್ಟಿಲ್ಲ, ಪರೀಕ್ಷೆಯಲ್ಲೂ ಕೇಳಲಿಲ್ಲ. ಓದು ಮುಗಿಸಿದ ಮೇಲೆ ನಮ್ಮಲ್ಲಿ ಮುಕ್ಕಾಲು ಜನ ಮಾಡುವುದು ಪಾಠವೇ ಅಲ್ವಾ? ಕಛೇರಿ ಮಾಡುವವರು ಎಷ್ಟು ಜನ? ಅನುಭವ ಇರುವವರು ದಯವಿಟ್ಟು ಹೇಳಿ. ಶ್ರುತಿಗೆ, ಅಂದರೆ ಹಾಡಿನ ಆಧಾರ ಸ್ವರಕ್ಕೆ, ಸೇರದ ಮಗುವನ್ನು ಸೇರಿಸುವುದು ಹೇಗೆ?

ಶಾರದಾ_ಟೀಚರ್
ಮೊದಲು ಒಂದು ಮಾತು. ಯಾವ ಮಗುವಿಗೂ "ಬಾಯಿ ಆಡಿಸು ಸಾಕು" ಅನ್ನಬಾರದು. ನಲವತ್ತು ದಾಟಿದ ಎಷ್ಟೋ ಹೆಣ್ಣುಮಕ್ಕಳು ನನ್ನ ಹತ್ತಿರ ಬಂದು "ನನಗೆ ಹಾಡೋಕೆ ಬರಲ್ಲ ಮೇಡಂ" ಅನ್ನುತ್ತಾರೆ. ಯಾಕಮ್ಮಾ ಅಂತ ಕೇಳಿದರೆ, ಚಿಕ್ಕಂದಿನಲ್ಲಿ ಯಾರೋ ಒಬ್ಬರು ಹೀಗೆ ಹೇಳಿದ್ದು ಹೊರಗೆ ಬರುತ್ತದೆ. ಆ ಮಾತನ್ನು ಅವರು ಜೀವನವಿಡೀ ನಂಬಿಕೊಂಡಿರುತ್ತಾರೆ.

ಇನ್ನು ನಿಮ್ಮ ಪ್ರಶ್ನೆ. ನೀವು ಯಾವ ಶ್ರುತಿಯಲ್ಲಿ ಹೇಳಿಕೊಡುತ್ತಿದ್ದೀರಿ?

ಹಂಸಧ್ವನಿ_ಹಾಸನ
ನನ್ನ ಶ್ರುತಿಯಲ್ಲೇ ಮೇಡಂ. ಬಿಳಿ ಒಂದು, ಹಾರ್ಮೋನಿಯಂನ ಏಳು ಬಿಳಿ ಕೀಗಳಲ್ಲಿ ಮೊದಲನೆಯದು.

ತಂತಿ_ತಂಬೂರಿ
ಅಲ್ಲೇ ಇದೆ ನೋಡಿ ಗಂಟು. ನಾನು ಸೌಂಡ್ ಇಂಜಿನಿಯರ್, ವೀಣೆಯನ್ನೂ ಕಲಿತಿದ್ದೇನೆ. ಲೆಕ್ಕ ಹೇಳುತ್ತೇನೆ.

ಗಂಡಸರ ಬಿಳಿ ಒಂದು ಅಂದರೆ ಷಡ್ಜ (ಸ) ಸುಮಾರು 131 ಹರ್ಟ್ಜ್, ಸೆಕೆಂಡಿಗೆ ಅಷ್ಟು ಕಂಪನ. ಎಂಟು ಒಂಬತ್ತು ವರ್ಷದ ಮಗು ಮಾತಾಡುವುದೇ ಹೆಚ್ಚುಕಡಿಮೆ 250 ಹರ್ಟ್ಜ್ ಆಸುಪಾಸಿನಲ್ಲಿ. ನಿಮ್ಮ ಷಡ್ಜ ಅದರ ಗಂಟಲಿಗೆ ಇಳಿಯುವುದೇ ಇಲ್ಲ. ಹಾಗಾಗಿ ಮಗು ಒಂದು ಸ್ಥಾಯಿ (ಸ ದಿಂದ ಮೇಲಿನ ಸ ವರೆಗಿನ ದೂರ) ಮೇಲೆ ಎತ್ತಿಕೊಳ್ಳಬೇಕು. ಆಗ ಷಡ್ಜ 262, ಮೇಲಿನ ಷಡ್ಜ 523. ಅಭ್ಯಾಸ ಇಲ್ಲದ ಮಗು 523ಕ್ಕೆ ಹೋದರೆ ಕಿರುಚುತ್ತದೆ, ಇಲ್ಲವೇ ಅರ್ಧದಲ್ಲೇ ಕೈಬಿಡುತ್ತದೆ. ಕೆಳಗೂ ಸಿಗಲ್ಲ, ಮೇಲೂ ಸಿಗಲ್ಲ. ನಡುವೆ ಎಲ್ಲೋ ತನಗೆ ಸುಲಭವಾದ ಒಂದು ಸ್ವರ ಹಿಡಿದು ಕೂತುಬಿಡುತ್ತದೆ. ಆ ಹುಡುಗಿ ಮಾಡುತ್ತಿರುವುದು ಅದೇ ಇರಬಹುದು.

ಬಿಳಿ ಆರು ಇಟ್ಟು ನೋಡಿ. ಷಡ್ಜ 220, ಮೇಲಿನದು 440. ಸರಳೆ ವರಸೆ ಷಡ್ಜದಿಂದ ಕೆಳಗೆ ಇಳಿಯುವುದಿಲ್ಲ, ಹಾಗಾಗಿ ಕೆಳಗಿನ ಚಿಂತೆ ಇಲ್ಲ.

ಕುಂದಾಪ್ರ_ಭಾಗವತ
ಬಿಳಿ ಆರು ಸ್ವಲ್ಪ ಜಾಸ್ತಿ ಅನಿಸುತ್ತದೆ. ಬಿಳಿ ಐದು ಸಾಕು. ನಮ್ಮ ಯಕ್ಷಗಾನ ತರಗತಿಯಲ್ಲಿ ಸಣ್ಣ ಮಕ್ಕಳು ಬರುತ್ತಾರೆ, ಬಿಳಿ ಐದರಲ್ಲಿ ಚೆಂದ ಹೇಳುತ್ತಾರೆ.

ತಂತಿ_ತಂಬೂರಿ
ಐದಾದರೂ ಸರಿ. ಒಂದು ಕ್ಲಾಸಿನ ಎಲ್ಲ ಮಕ್ಕಳಿಗೂ ಒಂದೇ ಶ್ರುತಿ ಹೊಂದುವುದಿಲ್ಲ. ಬಿಳಿ ಐದು, ಕರಿ ನಾಲ್ಕು, ಬಿಳಿ ಆರು, ಈ ಮೂರರಲ್ಲಿ ಹಾಡಿಸಿ, ಯಾವುದರಲ್ಲಿ ಮುಖ ಬಿಗಿಯಾಗುವುದಿಲ್ಲವೋ ಅದನ್ನು ಇಟ್ಟುಕೊಳ್ಳಿ. ನನ್ನ ಮಾತಿಷ್ಟೇ. ಮೇಷ್ಟರ ಗಂಟಲಿಗೆ ಹೊಂದುವ ಶ್ರುತಿಯಲ್ಲಿ ಮಕ್ಕಳು ಹಾಡಬೇಕು ಅನ್ನುವುದು ತಪ್ಪು.

ಗುರುಮುಖೇನ
ಶ್ರುತಿಜ್ಞಾನ ಹುಟ್ಟಿನಿಂದ ಬರಬೇಕು. ಎಲ್ಲರಿಗೂ ಸಂಗೀತ ಹೇಳಿಕೊಡುತ್ತೇವೆ ಅಂತ ಹೊರಟರೆ ಹೀಗೇ ಆಗುವುದು. ಹಿಂದೆ ಗುರುಗಳು ಮೊದಲು ಕಂಠ ನೋಡಿಯೇ ಶಿಷ್ಯರನ್ನು ಸೇರಿಸಿಕೊಳ್ಳುತ್ತಿದ್ದರು.

ಶಾರದಾ_ಟೀಚರ್
ಸ್ವಾಮಿ, ಗುರುಗಳ ಮನೆ ಬೇರೆ, ಮೂರನೇ ಕ್ಲಾಸು ಬೇರೆ. ಗಣಿತ ಬರದ ಮಗುವನ್ನು "ನೀನು ಸುಮ್ನೆ ಕೂತಿರು" ಅಂತ ಬಿಡುತ್ತೇವಾ? ಸ್ವರಗಳ ವ್ಯತ್ಯಾಸವೇ ತಿಳಿಯದವರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಅದು ತೀರಾ ಅಪರೂಪ. ಹೆಚ್ಚಿನ ಮಕ್ಕಳಿಗೆ ಕಿವಿ ಸರಿಯಾಗಿಯೇ ಇರುತ್ತದೆ. ಕೇಳಿದ್ದನ್ನು ಗಂಟಲಿನಲ್ಲಿ ತರುವುದು ಹೇಗೆ ಅಂತ ಇನ್ನೂ ಗೊತ್ತಾಗಿರುವುದಿಲ್ಲ. ಅದು ಕಲಿಸಿದರೆ ಬರುವ ವಿದ್ಯೆ.

ಹಾಸನದವರೇ, ನಾನು ಮಾಡುವುದನ್ನು ಹೇಳುತ್ತೇನೆ. ಎಲ್ಲರ ಎದುರು ಬೇಡ, ಕ್ಲಾಸು ಮುಗಿದ ಮೇಲೆ ಐದು ನಿಮಿಷ ಸಾಕು. ಮಗು ಎಲ್ಲಿ ಹಾಡುತ್ತಿದೆಯೋ ಅಲ್ಲಿಗೆ ನೀವು ಹೋಗಿ. ಅವಳು ಹಿಡಿದ ಆ ಒಂದು ಸ್ವರ ಯಾವುದು ಅಂತ ಹಾರ್ಮೋನಿಯಂನಲ್ಲಿ ಹುಡುಕಿ, ಅದನ್ನೇ ಷಡ್ಜ ಮಾಡಿಕೊಂಡು ಅವಳ ಜೊತೆ ನೀವೂ ಹಾಡಿ. ಬೇರೆಯವರ ಧ್ವನಿಯೂ ತನ್ನ ಧ್ವನಿಯೂ ಒಂದಾಗುವುದು ಅಂದರೇನು ಅಂತ ಆ ಮಗು ಅವತ್ತೇ ಮೊದಲ ಸಲ ಕೇಳಿಸಿಕೊಳ್ಳುವುದು. ಎಷ್ಟೋ ಮಕ್ಕಳು ಅಲ್ಲಿ ಹಾಡು ನಿಲ್ಲಿಸಿ ನನ್ನ ಮುಖ ನೋಡಿದ್ದಾರೆ. ಗೊತ್ತಾಯಿತಾ ಅಂದರೆ ತಲೆ ಆಡಿಸುತ್ತಾರೆ.

ಆಮೇಲೆ ಒಂದೇ ಒಂದು ಮೆಟ್ಟಿಲು ಮೇಲೆ. ಸ ರಿ ಸ. ಅಷ್ಟೇ. ಅದು ಕೂತ ಮೇಲೆ ಸ ರಿ ಗ. ಏಳು ಸ್ವರ ಒಟ್ಟಿಗೆ ಎಳೆದುಕೊಂಡು ಹೋಗಬೇಡಿ.

ಇನ್ನೊಂದು, ಗಾಳಿ ಬೀಸುವ ಹಾಗೆ "ಊ" ಅಂತ ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಜಾರಿಸಿ. ಧ್ವನಿ ಏರಿ ಇಳಿಯಬಲ್ಲದು ಅಂತ ಮಗುವಿಗೆ ಗೊತ್ತಾಗಲಿ. ಒಂದೇ ಸ್ವರದಲ್ಲಿ ಹಾಡುವ ಮಕ್ಕಳು ಬಹಳಷ್ಟು ಸಲ ಮಾತಾಡುವ ಧ್ವನಿಯಲ್ಲೇ ಹಾಡುತ್ತಿರುತ್ತಾರೆ. ಹಾಡುವ ಧ್ವನಿ ಬೇರೆ ಇದೆ ಅಂತ ಅವರಿಗೆ ಗೊತ್ತೇ ಇರುವುದಿಲ್ಲ.

ಹಂಸಧ್ವನಿ_ಹಾಸನ
ಮೇಡಂ, ಇದನ್ನು ಪುಸ್ತಕಕ್ಕೆ ಬರೆದುಕೊಂಡೆ. ನಮಗೆ ಒಂದು ಇಡೀ ಪೇಪರ್ ಇದರ ಮೇಲೇ ಇರಬೇಕಿತ್ತು.

ಮೃದಂಗ_ಮಂಜು
ನನ್ನ ಅನುಭವ ಬೇರೆ. ಶ್ರುತಿ ಬರದ ಮಗುವನ್ನು ಮೊದಲು ತಾಳಕ್ಕೆ ಹಾಕಿ. ತಕಿಟ ತಕಧಿಮಿ ಅಂತ ಏಳು ಅಕ್ಷರ ಬಾಯಲ್ಲಿ ಹೇಳಿಸುತ್ತಾ ತ್ರಿಪುಟ ತಾಳ ಹಾಕಿಸಿ. ಮಕ್ಕಳು ಕುಣಿಯುತ್ತಾರೆ. ಅಲಂಕಾರ ಪಾಠಗಳ ಏಳು ತಾಳ ಕೈಯಲ್ಲಿ ಕೂತರೆ ಧೈರ್ಯ ಬರುತ್ತದೆ, ಧೈರ್ಯ ಬಂದರೆ ಧ್ವನಿ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಶಾರದಾ_ಟೀಚರ್
ಮಂಜು ಅವರೇ, ತಾಳ ಬೇಕೇ ಬೇಕು. ಆದರೆ ಅದು ಎಲ್ಲ ಮಕ್ಕಳಿಗೂ ಬೇಕು. ಹಾಡಲು ಬರದವರನ್ನು ಮಾತ್ರ ತಾಳಕ್ಕೆ ಕೂರಿಸಿದರೆ, "ಅವಳು ಹಾಡಲ್ಲ, ಅದಕ್ಕೇ ತಾಳ" ಅಂತ ಕ್ಲಾಸಿಗೆಲ್ಲ ಗೊತ್ತಾಗುತ್ತದೆ. ಮೃದಂಗಕ್ಕೂ ಅದು ಮರ್ಯಾದೆ ಅಲ್ಲ.

ಮೃದಂಗ_ಮಂಜು
ಈ ಕೊನೇ ಮಾತು ಒಪ್ಪಿದೆ. ನಮ್ಮ ಕಡೆ ಹಾಗೇ ಮಾಡುತ್ತಾರೆ, ಕಂಠ ಇಲ್ಲದವನನ್ನು ಮೃದಂಗಕ್ಕೆ ಕಳಿಸು ಅಂತ. ಶ್ರುತಿಗೆ ಸೇರಿಸದ ಮೃದಂಗ ಕೇಳಿದರೆ ಗೊತ್ತಾಗುತ್ತದೆ ಅದರ ಕಥೆ.

ಧಾರವಾಡ_ಖಯಾಲ್
ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ. ನಿಮ್ಮ ಕಡೆ ಎಂಟು ವರ್ಷದ ಮಗುವಿಗೆ ಸರಳೆ ಮೊದಲೇ ಮಾಯಾಮಾಳವಗೌಳ ರಾಗದಾಗ ಯಾಕ್ರಿ? ಷಡ್ಜದ ಪಕ್ಕಕ್ಕೇ ಅಂಟಿಕೊಂಡ ಶುದ್ಧ ರಿಷಭ (ರಿ), ಅಲ್ಲಿಂದ ಅಂತರ ಗಾಂಧಾರಕ್ಕೆ (ಗ) ಒಂದು ದೊಡ್ಡ ಜಿಗಿತ. ನಾವು ಹಿಂದೂಸ್ತಾನಿಯಲ್ಲಿ ಬಿಲಾವಲ್ ಥಾಟಿನ, ಅಂದರೆ ನಿಮ್ಮ ಶಂಕರಾಭರಣದ, ಶುದ್ಧ ಸ್ವರಗಳಿಂದ ಶುರು ಮಾಡ್ತೀವಿ. ಆಮೇಲೆ ಭೂಪ್ ರಾಗ, ನಿಮ್ಮ ಮೋಹನ. ಐದೇ ಸ್ವರ, ಎಲ್ಲೂ ಇಕ್ಕಟ್ಟಿಲ್ಲ. ಮಕ್ಕಳ ಗಂಟಲಿಗೆ ಅದು ಬೇಗ ಕೂಡ್ತದ.

ಗುರುಮುಖೇನ
ಪುರಂದರದಾಸರು ಹಾಕಿಕೊಟ್ಟ ದಾರಿ ಅದು. ಕರ್ನಾಟಕ ಸಂಗೀತ ಪಿತಾಮಹ ಅಂತ ಸುಮ್ಮನೆ ಕರೆಯುವುದಿಲ್ಲ. ಐನೂರು ವರ್ಷ ನಡೆದು ಬಂದ ಕ್ರಮವನ್ನು ಒಂದು ಸೆಮಿಸ್ಟರ್‌ನಲ್ಲಿ ಬದಲಾಯಿಸಬೇಡಿ.

ತಂತಿ_ತಂಬೂರಿ
ಆ ಕ್ರಮಕ್ಕೆ ಒಳ್ಳೆಯ ಕಾರಣವೂ ಇದೆ. ಮಾಯಾಮಾಳವಗೌಳದಲ್ಲಿ ಸ ರಿ ಗ ಮ ನಡುವಿನ ಅಂತರಗಳು ಯಾವುವೋ, ಪ ದ ನಿ ಸ ನಡುವೆಯೂ ಅವೇ ಅಂತರಗಳು. ಕೆಳಗಿನ ಅರ್ಧ ಕಲಿತರೆ ಮೇಲಿನ ಅರ್ಧ ಕಲಿತ ಹಾಗೆ. ವೀಣೆಯಲ್ಲಿ ಕೂತರೆ ಇದು ಕಣ್ಣಿಗೇ ಕಾಣುತ್ತದೆ. ಮುಖ್ಯ ತಂತಿಯಾದ ಸಾರಣಿಯಲ್ಲಿ ಷಡ್ಜದಿಂದ ಬೆರಳು ಎಷ್ಟು ಮೆಟ್ಟು ದಾಟಿತೋ, ಪಂಚಮದಿಂದ (ಪ) ಮೇಲಕ್ಕೂ ಅಷ್ಟೇ ಮೆಟ್ಟು ದಾಟುತ್ತದೆ.

ಆದರೆ ಧಾರವಾಡದವರು ಹೇಳಿದ್ದರಲ್ಲೂ ಹುರುಳಿದೆ. ಶಂಕರಾಭರಣ ರಾಗದಲ್ಲೂ ಎರಡು ಅರ್ಧಗಳು ಹೀಗೇ ಸಮ ಇವೆ, ಅದರ ಮೇಲೆ ಇಕ್ಕಟ್ಟು ಕಡಿಮೆ.

ಶಾರದಾ_ಟೀಚರ್
ಸಂಗೀತದ ಜೂನಿಯರ್ ಪರೀಕ್ಷೆಗೆ ಕೂರುವ ಮಗುವಿಗೆ ಮಾಯಾಮಾಳವಗೌಳವೇ. ಮನೆಯಲ್ಲಿ ಕೂತು ದಿನಾ ಅಭ್ಯಾಸ ಮಾಡುವ ಮಗುವಿಗೆ ಅದು ಕಿವಿಯನ್ನು ಹರಿತ ಮಾಡುತ್ತದೆ. ವಾರಕ್ಕೊಮ್ಮೆ ಸಿಗುವ ಶಾಲಾ ಮಕ್ಕಳಿಗೆ ನಾನು ಮೋಹನ ರಾಗದಲ್ಲಿ ಸಣ್ಣ ಸಣ್ಣ ಹಾಡು ಹೇಳಿಕೊಡುತ್ತೇನೆ. ಸರಳೆಯ ಹೆಸರೂ ಎತ್ತುವುದಿಲ್ಲ. ಇಬ್ಬರ ಅಗತ್ಯವೂ ಬೇರೆ, ದಾರಿಯೂ ಬೇರೆ.

ನ್ಯೂಜೆರ್ಸಿ_ಅಕ್ಕ
ಮೋಹನ ಅಂದದ್ದಕ್ಕೆ ಹೇಳುತ್ತೇನೆ. ನಾನು ಇಲ್ಲಿ ಕನ್ನಡ ಮಕ್ಕಳಿಗೆ ಪಾಠ ಹೇಳುತ್ತೇನೆ. ಇಲ್ಲಿನ ಶಾಲೆಗಳಲ್ಲಿ ಸಂಗೀತದ ಟೀಚರ್‌ಗಳು ಹಂಗೇರಿಯ ಜೋಲ್ತಾನ್ ಕೊಡಾಯ್ ಅವರ ಪದ್ಧತಿ ಬಳಸುವುದನ್ನು ನೋಡಿದ್ದೇನೆ. ಅದರಲ್ಲೂ ಶುರುವಾಗುವುದು ಏಳು ಸ್ವರದಿಂದ ಅಲ್ಲ. ಮೊದಲು ಎರಡೇ ಸ್ವರ, ನಮ್ಮ ಲೆಕ್ಕದಲ್ಲಿ ಪ ಮತ್ತು ಅಂತರ ಗಾಂಧಾರ. ಪ ಗ ಪ ಗ ಅಂತ ಕರೆಯುವ ಹಾಗೆ. ಆಮೇಲೆ ಒಂದೊಂದೇ ಸೇರಿಸಿ ಐದು ಸ್ವರ, ಕೊನೆಗೆ ಏಳು.

ಕೈಯಲ್ಲಿ ಒಂದೊಂದು ಸ್ವರಕ್ಕೆ ಒಂದೊಂದು ಸನ್ನೆ ಇದೆ, ಸ್ವರ ಏರಿದ ಹಾಗೆ ಕೈಯೂ ಏರುತ್ತದೆ. ಆ ಸನ್ನೆಗಳು ಮೂಲತಃ ಇಂಗ್ಲೆಂಡಿನ ಜಾನ್ ಕರ್ವೆನ್ ಅವರದ್ದು, ಕೊಡಾಯ್ ಪದ್ಧತಿಯವರು ತೆಗೆದುಕೊಂಡರು. ನಾನು ಸನ್ನೆಗಳನ್ನು ಹಾಗೇ ಎತ್ತಿಕೊಳ್ಳಲಿಲ್ಲ. ಸ ಅಂದರೆ ಹೊಟ್ಟೆಯ ಹತ್ತಿರ ಕೈ, ಪ ಅಂದರೆ ಎದೆ, ಮೇಲಿನ ಸ ಅಂದರೆ ತಲೆ ಮೇಲೆ, ಅಷ್ಟೇ ಮಾಡಿಸುತ್ತೇನೆ. ಸ್ವರ "ಮೇಲೆ" ಅಂದರೆ ಏನು ಅಂತ ಎಷ್ಟೋ ಮಕ್ಕಳಿಗೆ ಗೊತ್ತಿರುವುದಿಲ್ಲ. ಜೋರಾಗಿ ಹಾಡುವುದೇ ಮೇಲೆ ಅಂದುಕೊಂಡಿರುತ್ತಾರೆ. ಕೈ ಎತ್ತಿದಾಗ ಅರ್ಥ ಆಗುತ್ತದೆ.

ಎರಡನೇ_ಕ್ಲಾಸಿನ_ಅಮ್ಮ
ಅಕ್ಕಾ, ನೀವು ಆನ್‌ಲೈನ್‌ನಲ್ಲೂ ಪಾಠ ಮಾಡುತ್ತೀರಾ? ನನ್ನ ಮಗನಿಗೆ ಆನ್‌ಲೈನ್ ಕ್ಲಾಸು ಹಾಕಿದ್ದೇವೆ. ಎಲ್ಲ ಮಕ್ಕಳೂ ಒಟ್ಟಿಗೆ ಹಾಡಿದರೆ ಸಂತೆ ಆಗುತ್ತದೆ.

ನ್ಯೂಜೆರ್ಸಿ_ಅಕ್ಕ
ಮಾಡುತ್ತೇನೆ. ಆದರೆ ಆನ್‌ಲೈನ್‌ನಲ್ಲಿ ಒಟ್ಟಿಗೆ ಹಾಡಿಸುವ ಆಸೆ ಬಿಡಿ. ಧ್ವನಿ ಬರುವುದು ತಡವಾಗುತ್ತದೆ, ಒಬ್ಬೊಬ್ಬರದು ಒಂದೊಂದು ಹೊತ್ತಿಗೆ. ನಾನು ಹಾಡುತ್ತೇನೆ, ಮಕ್ಕಳು ಮ್ಯೂಟ್ ಹಾಕಿಕೊಂಡು ಜೊತೆಗೆ ಹಾಡುತ್ತಾರೆ, ಆಮೇಲೆ ಒಬ್ಬೊಬ್ಬರೇ. ಶ್ರುತಿ ಪೆಟ್ಟಿಗೆ ಮಗುವಿನ ಮನೆಯಲ್ಲೇ ಇರಬೇಕು, ನನ್ನ ಕಡೆಯಿಂದ ಬಂದರೆ ಪ್ರಯೋಜನ ಇಲ್ಲ. ಮಗು ತನ್ನ ಧ್ವನಿಯನ್ನೂ ಶ್ರುತಿಯನ್ನೂ ಒಂದೇ ಕೋಣೆಯಲ್ಲಿ ಕೇಳಬೇಕು.

ಎರಡನೇ_ಕ್ಲಾಸಿನ_ಅಮ್ಮ
ಇದು ಯಾರೂ ಹೇಳಿರಲಿಲ್ಲ. ಇನ್ನೊಂದು ಪ್ರಶ್ನೆ. ಅವನು ಶ್ರುತಿ ಬಿಟ್ಟು ಹಾಡುತ್ತಾನೆ, ಕಿವಿ ತೋರಿಸಬೇಕಾ?

ತಂತಿ_ತಂಬೂರಿ
ಪದೇ ಪದೇ ಶೀತ ಆಗುತ್ತಾ? ಟಿವಿ ಜೋರಾಗಿ ಇಡು ಅನ್ನುತ್ತಾನಾ? ಹಾಗಿದ್ದರೆ ಒಮ್ಮೆ ಡಾಕ್ಟರಿಗೆ ತೋರಿಸಿ. ಈ ವಯಸ್ಸಿನಲ್ಲಿ ಶೀತದಿಂದ ಕಿವಿಯ ಒಳಗೆ ನೀರು ನಿಂತು ಕೇಳುವುದು ಮಂಕಾಗುತ್ತದೆ. ಶ್ರುತಿ ಬಿಡುವ ಎಲ್ಲ ಮಕ್ಕಳಿಗೂ ಕಿವಿ ತೊಂದರೆ ಅಂತಲ್ಲ.

ಗದಗಿನ_ಹುಡುಗ
ಕಿವಿ ಅಂದಾಗ ನಮ್ಮೂರ ವೀರೇಶ್ವರ ಪುಣ್ಯಾಶ್ರಮ ನೆನಪಾಯಿತು. ಕಣ್ಣಿಲ್ಲದ ಮಕ್ಕಳಿಗೆ ಪಂಚಾಕ್ಷರಿ ಗವಾಯಿಗಳು ಸಂಗೀತ ಕಲಿಸಿದರು. ಅವರಿಗೂ ದೃಷ್ಟಿ ಇರಲಿಲ್ಲ. 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಅದನ್ನು ನಡೆಸಿದರು, ಅವರಿಗೂ ದೃಷ್ಟಿ ಇರಲಿಲ್ಲ. ನೋಡಿ ಬರೆದುಕೊಳ್ಳುವ ಪ್ರಶ್ನೆಯೇ ಇಲ್ಲ, ಕೇಳಬೇಕು, ಹೇಳಬೇಕು. ಅಲ್ಲಿಂದ ಎಂಥೆಂಥ ಗಾಯಕರು, ವಾದಕರು ಬಂದರು.

ಹಾಗಾಗಿ "ಎಲ್ಲರಿಗೂ ಕಲಿಸಲು ಹೋಗಬೇಡಿ" ಅನ್ನುವ ಮಾತು ನಮ್ಮ ಪರಂಪರೆಯದು ಅಂತ ಹೇಳಿದರೆ ನಾನು ಒಪ್ಪಲ್ಲ. ಊರು ಬೇಡ ಅಂದ ಮಕ್ಕಳನ್ನು ಕರೆದು ಕಲಿಸಿದ ಗುರುಗಳೂ ನಮ್ಮ ಪರಂಪರೆಯವರೇ.

ಗುರುಮುಖೇನ
ಪುಣ್ಯಾಶ್ರಮಕ್ಕೆ ನನ್ನ ನಮಸ್ಕಾರ. ಆದರೆ ಅಲ್ಲಿ ಮಕ್ಕಳು ಗುರುವಿನ ಜೊತೆಗೇ ಇದ್ದು ಕಲಿತರು. ನಾನು ಹೇಳುವುದೂ ಅದೇ. ಶನಿವಾರಕ್ಕೊಂದು ಗಂಟೆ, ವರ್ಷಕ್ಕೆರಡು ಸೆಮಿಸ್ಟರ್, ಇದರಲ್ಲಿ ಶ್ರುತಿ ಕೂರುವುದು ಕಷ್ಟ.

ಗದಗಿನ_ಹುಡುಗ
ಸಮಯ ಸಾಲದು ಅನ್ನುವುದು ಸರಿ. ಹಾಗಾದರೆ ಸಮಯ ಕೇಳೋಣ. ಮಗುವನ್ನು ಬಿಡುವುದು ಬೇಡ.

ಹಳೇ_ವಿದ್ಯಾರ್ಥಿ_2014
ಸಮಯ ಕೇಳುವುದಕ್ಕೆ ಶಾಲೆಯಲ್ಲಿ ಸಂಗೀತದ ಮೇಷ್ಟರೇ ಇಲ್ಲವಲ್ಲ. ಕೇಂದ್ರೀಯ ವಿದ್ಯಾಲಯದಲ್ಲಿ ಪ್ರಾಥಮಿಕ ಹಂತಕ್ಕೆ ಸಂಗೀತ ಶಿಕ್ಷಕರ ಹುದ್ದೆ ಇದೆ, ನವೋದಯದಲ್ಲೂ ಇದೆ. ನಮ್ಮ ಹಳ್ಳಿ ಶಾಲೆಯಲ್ಲಿ ಯಾರಿದ್ದಾರೆ? ಹಾಡು ಗೊತ್ತಿರುವ ಕನ್ನಡ ಟೀಚರ್ ಒಬ್ಬರು ಪ್ರಾರ್ಥನೆ ಹೇಳಿಕೊಡುತ್ತಾರೆ. ಅವರ ಮೇಲೆ ಸಿಟ್ಟಾಗಿ ಪ್ರಯೋಜನ ಇಲ್ಲ. "ಬಾಯಿ ಆಡಿಸು" ಅಂದ ಟೀಚರ್‌ಗೂ ಯಾರೂ ಏನೂ ಹೇಳಿಕೊಟ್ಟಿರುವುದಿಲ್ಲ.

ಮೃದಂಗ_ಮಂಜು
ಪ್ರಾರ್ಥನೆ ಅಂದರೆ ನಾಡಗೀತೆ. ಬೆಳಗ್ಗೆ ಎಲ್ಲ ಶಾಲೆಯಲ್ಲೂ ಕೇಳಿ, ಒಬ್ಬ ಹುಡುಗಿ ಮೈಕಿನಲ್ಲಿ ಎಲ್ಲಿಗೋ ಎತ್ತಿಕೊಳ್ಳುತ್ತಾಳೆ, ಮೇಲಿನ ಸಾಲು ಬಂದಾಗ ಇಡೀ ಶಾಲೆ ಕೂಗುತ್ತದೆ. ಯಾರೂ ಶ್ರುತಿ ಕೊಡುವುದಿಲ್ಲ.

ಕುಂದಾಪ್ರ_ಭಾಗವತ
ಅದರ ಧಾಟಿಯೇ ಊರಿಗೊಂದು ಇತ್ತು, ಈಗ ಸರ್ಕಾರ ಒಂದು ಮಾಡಿದೆ. ನಾಡಗೀತೆ ಅಂತ ಘೋಷಣೆ ಆದದ್ದೂ 2022ರಲ್ಲೇ ಅಲ್ವಾ?

ಹಳೇ_ವಿದ್ಯಾರ್ಥಿ_2014
ಅಲ್ಲ. ಘೋಷಣೆ ಆದದ್ದು 2004ರಲ್ಲಿ. 2022ರಲ್ಲಿ ಬಂದದ್ದು ಧಾಟಿಯ ಆದೇಶ, ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು ಅಂತ.

ಧಾರವಾಡ_ಖಯಾಲ್
ಧಾಟಿ ಹೇಳಿದರು, ಸಮಯ ಹೇಳಿದರು. ಶಾಲೆಯಲ್ಲಿ ಇದನ್ನು ಕಲಿಸುವವರಿಗೆ ಒಂದು ದಿನದ ತರಬೇತಿ ಕೊಟ್ಟರೆ ಎಷ್ಟು ಚೆಂದ ಆಗ್ತಿತ್ತು. ಯಾವ ಶ್ರುತಿಯಲ್ಲಿ ಎತ್ತಿಕೊಳ್ಳಬೇಕು, ಮಕ್ಕಳು ಎಲ್ಲಿ ಉಸಿರು ತಗೋಬೇಕು, ಇಷ್ಟೇ.

ಹೈಸ್ಕೂಲ್_ಮೇಷ್ಟ್ರು
ಚರ್ಚೆ ಎಲ್ಲ ಸಣ್ಣ ಮಕ್ಕಳ ಬಗ್ಗೆಯೇ ಆಯಿತು. ಎಂಟನೇ ಕ್ಲಾಸಿನ ಹುಡುಗರನ್ನು ಮರೆಯಬೇಡಿ. ಹನ್ನೆರಡು, ಹದಿಮೂರರ ಆಸುಪಾಸಿನಲ್ಲಿ ಧ್ವನಿ ಒಡೆಯುತ್ತದೆ, ಹೆಚ್ಚುಕಡಿಮೆ ಒಂದು ಸ್ಥಾಯಿ ಕೆಳಗೆ ಇಳಿಯುತ್ತದೆ. ಹೋದ ವರ್ಷ ಪ್ರಶಸ್ತಿ ತಂದ ಹುಡುಗ ಈ ವರ್ಷ ಬಾಯಿ ತೆಗೆದರೆ ಎಲ್ಲರೂ ನಗುತ್ತಾರೆ. ಅವನು ನಿಲ್ಲಿಸಿಬಿಡುತ್ತಾನೆ, ಆಮೇಲೆ ಮತ್ತೆ ಹಾಡುವುದಿಲ್ಲ. ಹೀಗೆ ಕಳೆದುಕೊಂಡ ಹುಡುಗರು ಪ್ರತಿ ಶಾಲೆಯಲ್ಲೂ ಇದ್ದಾರೆ.

ಆ ವಯಸ್ಸಿನ ಹುಡುಗರಿಗೆ ಹಳೇ ಶ್ರುತಿಯಲ್ಲಿ ಹಾಡು ಅಂತ ಒತ್ತಾಯ ಮಾಡಬಾರದು. ನಾಲ್ಕೈದು ಸ್ವರದ ಒಳಗೆ ಮುಗಿಯುವ ಹಾಡು ಕೊಡಿ. ತಿಂಗಳಿಗೊಮ್ಮೆ ಶ್ರುತಿ ನೋಡಿ, ಬದಲಾಗುತ್ತಿರುತ್ತದೆ. "ಇದು ಎಲ್ಲರಿಗೂ ಆಗುವುದು, ಮುಗಿದ ಮೇಲೆ ಹೊಸ ಧ್ವನಿ ಬರುತ್ತದೆ" ಅಂತ ಮೊದಲೇ ಹೇಳಿ. ಏಳನೇ ಕ್ಲಾಸಿನಲ್ಲೇ ಹೇಳಿ.

ಹಂಸಧ್ವನಿ_ಹಾಸನ
ಸರ್, ನನಗೂ ಆ ವಯಸ್ಸಿನಲ್ಲಿ ನಮ್ಮ ಗುರುಗಳು ಇದನ್ನೇ ಹೇಳಿದ್ದರು. ಅವರು ಹೇಳಿರದಿದ್ದರೆ ನಾನೂ ಬಿಟ್ಟಿರುತ್ತಿದ್ದೆ.

ಎಲ್ಲರಿಗೂ ಒಂದು ವಿಷಯ ತಿಳಿಸಬೇಕು. ನಾಲ್ಕನೇ ಸೆಮಿಸ್ಟರ್‌ನಲ್ಲಿ ನಮಗೆ ಒಂದು ಪ್ರಾಜೆಕ್ಟ್ ಇದೆ. ಒಬ್ಬ ವಾಗ್ಗೇಯಕಾರರ (ಹಾಡಿನ ಮಾತು, ಸಂಗೀತ ಎರಡನ್ನೂ ರಚಿಸಿದವರ) ಅಪರೂಪದ ರಾಗಗಳ ಮೇಲೆ ಮಾಡೋಣ ಅಂತಿದ್ದೆ. ಈ ಚರ್ಚೆ ಓದಿದ ಮೇಲೆ ವಿಷಯ ಬದಲಾಯಿಸುತ್ತಿದ್ದೇನೆ. ಮೂರು, ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಯಾವ ಶ್ರುತಿ, ಯಾವ ಸ್ವರಗಳಿಂದ ಶುರು ಮಾಡಿದರೆ ಧ್ವನಿ ಸೇರುತ್ತದೆ ಅನ್ನುವುದೇ ನನ್ನ ವಿಷಯ. ಗೈಡ್ ಹತ್ತಿರ ಬಾಯಿಮಾತಲ್ಲಿ ಕೇಳಿದೆ. ಬರೆದುಕೊಂಡು ಬಾ ಅಂದರು.

ಶಾರದಾ_ಟೀಚರ್
ಬಹಳ ಸಂತೋಷ. ಒಂದೇ ಕೋರಿಕೆ. ಅಪರೂಪದ ರಾಗ ಬಿಟ್ಟೆ ಅಂತ ಯಾರಾದರೂ "ಸುಲಭದ ವಿಷಯ ಹಿಡಿದ" ಅಂದರೆ ತಲೆ ಕೆಡಿಸಿಕೊಳ್ಳಬೇಡಿ. ಹಾಡಲು ಕಠಿಣವಾದ ವಿವಾದಿ ಮೇಳದಲ್ಲಿ ಹಾಡುವುದಕ್ಕಿಂತ ಆ ಹುಡುಗಿಯ ಬಾಯಲ್ಲಿ ಸ ರಿ ಸ ತರಿಸುವುದು ಕಷ್ಟ.

ತಂತಿ_ತಂಬೂರಿ
ಪ್ರಾಜೆಕ್ಟ್ ಮಾಡುವುದಾದರೆ ಮೊದಲ ವಾರವೇ ಪ್ರತಿ ಮಗು ಮಾತಾಡುವುದನ್ನೂ ಹಾಡುವುದನ್ನೂ ರೆಕಾರ್ಡ್ ಮಾಡಿಕೊಳ್ಳಿ. ಶಾಲೆಯ, ತಂದೆ ತಾಯಿಯರ ಒಪ್ಪಿಗೆ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಮೊದಲಿನದು ಇಲ್ಲದಿದ್ದರೆ ಕೊನೆಯಲ್ಲಿ ಹೋಲಿಸಲು ಏನೂ ಇರುವುದಿಲ್ಲ.

ನ್ಯೂಜೆರ್ಸಿ_ಅಕ್ಕ
ಸಾಧ್ಯವಾದರೆ ಕ್ಲಾಸ್‌ಮೇಟ್ ಹುಡುಗಿಯೊಬ್ಬಳನ್ನು ಜೊತೆಗೆ ಕರೆದುಕೊಂಡು ಹೋಗು ತಮ್ಮಾ. ಹೆಣ್ಣು ಧ್ವನಿಯನ್ನೋ ಇನ್ನೊಂದು ಮಗುವಿನ ಧ್ವನಿಯನ್ನೋ ಅನುಸರಿಸುವುದು ಮಕ್ಕಳಿಗೆ ಸುಲಭ. ಶ್ರುತಿಗೆ ಸೇರುವ ಮಗುವೊಂದನ್ನು ಆ ಹುಡುಗಿಯ ಪಕ್ಕದಲ್ಲೇ ಕೂರಿಸು.

ಹಂಸಧ್ವನಿ_ಹಾಸನ
ಖಂಡಿತ ಅಕ್ಕ. ಒಬ್ಬಳು ಬರುತ್ತೇನೆ ಅಂದಿದ್ದಾಳೆ, ಅವಳ ಶ್ರುತಿ ಬಿಳಿ ಐದೇ.

ಶಾಲೆಯಲ್ಲಿ ಇರುವುದು ಒಂದು ಹಳೇ ಹಾರ್ಮೋನಿಯಂ. ಬಿಳಿ ಆರು ಒತ್ತಿದರೆ ಪಕ್ಕದ ಕೀಯೂ ಕೂಗುತ್ತದೆ. ಎಲೆಕ್ಟ್ರಾನಿಕ್ ತಂಬೂರ ನನ್ನ ಹತ್ತಿರ ಇದೆ. ಅದನ್ನೇ ಒಯ್ದರೆ ಸಾಕಾ, ಹಾರ್ಮೋನಿಯಂ ರಿಪೇರಿ ಮಾಡಿಸಬೇಕಾ?

ಧಾರವಾಡ_ಖಯಾಲ್
ಶ್ರುತಿಗೆ ತಂಬೂರ ಸಾಕ್ರಿ. ಆದರೆ ಮಗು ಹಿಡಿದ ಸ್ವರ ಯಾವುದು ಅಂತ ಹುಡುಕೋದಕ್ಕೆ ಹಾರ್ಮೋನಿಯಂ ಬೇಕೇ ಬೇಕು. ಪಕ್ಕದ ಕೀ ಕೂಗ್ತದ ಅಂದರೆ ಒಳಗೆ ಕಸ ಸೇರಿ ಮುಚ್ಚಳ ಪೂರ್ತಿ ಕೂತಿಲ್ಲ, ಇಲ್ಲಾ ಸ್ಪ್ರಿಂಗ್ ಸಡಿಲ ಆಗೇದ. ಸಣ್ಣ ಕೆಲಸ. ವಾದ್ಯ ರಿಪೇರಿಯವರ ಹತ್ತಿರ ಒಯ್ಯಿರಿ, ನೀವೇ ಬಿಚ್ಚಬ್ಯಾಡ್ರಿ.